ಎಲ್ಲಿದ್ದಾನೆ ಎಂದು ಕೇಳುವ ಹಕ್ಕು

ಎರಡೂ ಕಡೆಯವರು ಕೊನೆಗೂ ಒಂದು ಮಾತಿಗೆ ಒಪ್ಪಿಕೊಂಡರು ಎಂಬ ಸುದ್ದಿ ಸ್ಯಾನ್ ಹೋಸೆ ಪಕ್ಕದ ಕ್ಯಾಂಪ್‌ಬೆಲ್‌ನ ನಮ್ಮ ಮನೆಗೆ ಬಂದದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಅಪ್ಪ ಫೋನನ್ನು ಕಿವಿಯಿಂದ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟರು. ಮುಖದಲ್ಲಿ ಸಂತೋಷವಿರಲಿಲ್ಲ.

“ಏನಂತೆ?” ಎಂದು ಕೇಳಿದೆ.

“ಒಪ್ಪಿಕೊಂಡಾರಂತ. ಇಷ್ಟು ವರ್ಷ ಒಬ್ಬರನ್ನೊಬ್ಬರು ಕೊಂದ ಮಂದಿ, ಈ ಒಂದು ವಿಷಯದಾಗ ಇಬ್ಬರದೂ ಒಂದ ಮಾತು. ತುರ್ತುಪರಿಸ್ಥಿತಿ ಬಂದ್ರ ಯಾರನ್ನ ಹಿಡದ್ರೂ ಕೋರ್ಟು ಕೇಳಬಾರದು ಅಂತ.”

“ಒಪ್ಪಿಕೊಂಡ್ರಲ್ಲ, ಒಳ್ಳೇದೇ ಆಯ್ತಲ್ಲ ಅಪ್ಪಾ?”

ಅವರು ಅರ್ಧ ತಿಂದ ದೋಸೆಯನ್ನು ಹಾಗೆಯೇ ಬಿಟ್ಟು ಎದ್ದು ಹೋದರು.

ಅಪ್ಪ ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ, ಹೈಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾದದ್ದು ಬೆಂಗಳೂರಿನಲ್ಲಿ. ನಿವೃತ್ತಿಯ ನಂತರ ಅವರನ್ನು ಬೇರೊಂದು ದೇಶದ ಕೆಲಸಕ್ಕೆ ಕರೆದರು. ಆ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಕಥೆಯಲ್ಲಿ ಬರುವವರು ಇನ್ನೂ ಅಲ್ಲಿಯೇ ಬದುಕಬೇಕು. ಬಹುಕಾಲ ಸರ್ಕಾರದ ಸೈನ್ಯಕ್ಕೂ ಬಂಡಾಯಗಾರರಿಗೂ ನಡೆದ ಯುದ್ಧ ನಿಂತು, ಶಾಶ್ವತ ಸಂವಿಧಾನ ಸಿದ್ಧವಾಗುವವರೆಗೆ ದೇಶವನ್ನು ನಡೆಸಲು ಒಂದು ಮಧ್ಯಂತರ ಸಂವಿಧಾನ ಬೇಕಾಗಿತ್ತು. ಬರೆಯುವವರು ಅವರೇ, ಎರಡೂ ಕಡೆಯ ವಕೀಲರು. ಆದರೆ ಹೊರಗಿನ ಮೂವರು ನ್ಯಾಯಶಾಸ್ತ್ರಜ್ಞರು ಅದನ್ನು ಓದಿ, ಇದು ಶಾಂತಿ ಒಪ್ಪಂದದ ತತ್ವಗಳಿಗೆ ಹೊಂದುತ್ತದೆ ಎಂದು ಸಹಿ ಹಾಕಿದರೆ ಮಾತ್ರ ಅದು ಜಾರಿಗೆ ಬರುವುದು. ಆ ಮೂವರಲ್ಲಿ ಅಪ್ಪ ಒಬ್ಬರು. ಎರಡು ವರ್ಷ ಅಲ್ಲಿಗೆ ಹೋಗಿ ಬಂದು ಮಾಡಿದರು. ಕರಡಿನ ಬಹುಭಾಗ ಅವರ ಕೈಯಲ್ಲಿ ಪಳಗಿದ್ದೇ ಆಗಿತ್ತು.

ಆಮೇಲೆ ಮಗಳಾದ ನನ್ನ ಮನೆಗೆಂದು ಬಂದಾಗ ಎದೆನೋವು ಕಾಣಿಸಿಕೊಂಡು ಇಲ್ಲಿಯೇ ಬೈಪಾಸ್ ಆಯಿತು. ಡಾಕ್ಟರು ವಿಮಾನ ಹತ್ತುವಂತಿಲ್ಲ ಎಂದರು. ಹಾಗಾಗಿ ಉಳಿದ ಕೆಲಸವೆಲ್ಲ ನಮ್ಮ ಊಟದ ಮೇಜಿನ ಮೇಲೆ ನಡೆಯಿತು. ಇಲ್ಲಿ ಬೆಳಗಾದರೆ ಅಲ್ಲಿ ಸಂಜೆ. ಅಪ್ಪನ ಕೈ ನಡುಗುತ್ತಿದ್ದುದರಿಂದ ಅವರು ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ನಾನು ಫಾರ್ಮಸಿಸ್ಟ್. ಕಾನೂನಿನ ಗಂಧವಿಲ್ಲ. ಆದರೂ ಒಂದು ದೇಶದ ಸಂವಿಧಾನದ ಒಂದೊಂದು ವಿಧಿಯೂ ನನ್ನ ಬೆರಳಿನಿಂದಲೇ ದಾಟಿಹೋಯಿತು.

ಉಳಿದಿಬ್ಬರು ನ್ಯಾಯಶಾಸ್ತ್ರಜ್ಞರು ಆ ವಾರವೇ ಸಹಿ ಹಾಕಿದರು. ತಿಂಗಳ ಕೊನೆಗೆ ಕದನವಿರಾಮದ ಅವಧಿ ಮುಗಿಯುತ್ತಿತ್ತು. ಅಪ್ಪನ ಸಹಿ ಒಂದೇ ಬಾಕಿ.

ಅಂದು ಅವರನ್ನು ಬೈಪಾಸ್ ಆದವರಿಗೆ ಆಸ್ಪತ್ರೆಯಲ್ಲಿ ಮಾಡಿಸುವ ವ್ಯಾಯಾಮಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಫ್ರೀವೇಯಲ್ಲಿ ಗಾಡಿಗಳು ಆಮೆಯಂತೆ ತೆವಳುತ್ತಿದ್ದವು. ನಾನೇ ಮಾತು ತೆಗೆದೆ.

“ಅಪ್ಪಾ, ಅದು ಅವರ ದೇಶ. ಅವರವರೇ ಒಪ್ಪಿದ್ದಾರೆ. ಸೈನ್ ಮಾಡಿ ಮುಗಿಸಿಬಿಡಿ. ನಿಮ್ಮ ಬಿಪಿ ನಿನ್ನೆಯಿಂದ ಇಳೀತಾನೇ ಇಲ್ಲ.”

ಅಪ್ಪ ಸೀಟ್ ಬೆಲ್ಟನ್ನು ಎದೆಯಿಂದ ತುಸು ದೂರ ಹಿಡಿದುಕೊಂಡರು. ಆಮೇಲೆ, “ನಮ್ಮ ದೇಶದಾಗ ತುರ್ತುಪರಿಸ್ಥಿತಿ ಇತ್ತಲ್ಲ, ಆವಾಗ ನಾ ಇನ್ನೂ ಜೂನಿಯರ್ ವಕೀಲ,” ಎಂದು ಶುರು ಮಾಡಿದರು. ಈ ಕಥೆಯನ್ನು ಅವರು ಅದಕ್ಕೆ ಮುಂಚೆ ನನಗೆ ಹೇಳಿರಲಿಲ್ಲ.

“ನಮ್ಮ ಸೀನಿಯರ್ ಆಫೀಸಿಗೆ ಒಬ್ಬಾಕಿ ಬಂದ್ಲು. ಗಂಡ ಸಾಲಿ ಮಾಸ್ತರ. ಹಾಲು ತರಲಿಕ್ಕೆ ಹೋದಾವ, ಹೊಳ್ಳಿ ಬರಲಿಲ್ಲ. ಪೊಲೀಸರನ್ನ ಕೇಳಿದ್ರ ನಮಗ ಗೊತ್ತಿಲ್ಲ ಅಂದ್ರು. ನಾ ಆಕಿನ್ನ ಕರಕೊಂಡು ಬಸ್ಸಿನಾಗ ಊರೂರು ಜೈಲಿಗೆ ಅಲದೆ. ಎಲ್ಲೆ ಹೋದ್ರೂ ಅಂಥಾವ ಇಲ್ಲ ಅನ್ನೂದು. ಅರ್ಜಿ ಹಾಕಿದ್ವಿ. ಈ ಕಾಲದಾಗ ಆ ಪ್ರಶ್ನೆ ಕೇಳೂ ಅಧಿಕಾರ ಇಲ್ಲ ಅಂತ ಅರ್ಜಿ ಬಿದ್ದುಹೋತು. ಬಿಡ್ರಿ ಅಂತ ನಾವು ಕೇಳಿದ್ದಿಲ್ಲ ಅವ್ವಾ. ಎಲ್ಲಿಟ್ಟೀರಿ, ಅದನ್ನರ ಹೇಳ್ರಿ ಅಂದಿದ್ವಿ.”

“ಸಿಕ್ಕಿದ್ರಾ?”

“ಎಲ್ಲಾ ಮುಗದ ಮ್ಯಾಲೆ ಬಿಟ್ಟರು. ಮನಿಗೆ ಬಂದ. ಆದ್ರ ಆಕಿ ಆಮ್ಯಾಲೆ ಗಂಡ ಹೊರಗ ಹೊಂಟ್ರ ಓಣಿ ಕೊನೀತನಕ ಹೋಗಿ, ಅವ ಬರೂತನಕ ಅಲ್ಲೇ ನಿಲ್ಲತಿದ್ಲು. ಸಾಯೂತನಕ ಹಂಗ ನಿಂತ್ಲು.”

ಆಕೆಯ ಬಗ್ಗೆ ನನಗೂ ಸಂಕಟವಾಯಿತು. ಆದರೆ ಅಪ್ಪನ ಎದೆಯ ಹೊಲಿಗೆ ಇನ್ನೂ ಕೆಂಪಗಿತ್ತು.

ಆ ದೇಶದಿಂದ ಓಡಿಬಂದ ಸಾಕಷ್ಟು ಕುಟುಂಬಗಳು ಸ್ಯಾನ್ ಹೋಸೆಯಲ್ಲಿವೆ. ಅವರಲ್ಲೊಬ್ಬರು ತಾಯಿಯ ಮಾತ್ರೆ ಒಯ್ಯಲು ನಮ್ಮ ಫಾರ್ಮಸಿಗೆ ಬರುತ್ತಿದ್ದರು. ಒಮ್ಮೆ ಅಪ್ಪನನ್ನು ಅವರ ಸಂಘದ ಸಭೆಗೆ ಕರೆದೊಯ್ದಾಗ ನನ್ನನ್ನು ಅಲ್ಲಿ ನೋಡಿದ್ದರು. ಆ ಗುರುವಾರ ಕೌಂಟರಿಗೆ ಬಂದವರು ಮಾತ್ರೆಯ ಪೊಟ್ಟಣ ತೆಗೆದುಕೊಂಡರೂ ಕದಲಲಿಲ್ಲ.

“ನಿಮ್ಮ ತಂದೆ ಸಹಿ ಹಾಕುತ್ತಿಲ್ಲವಂತೆ,” ಎಂದರು ಇಂಗ್ಲಿಷಿನಲ್ಲಿ.

ಅಂಥ ಮಾತು ನಾನು ಆಡುವ ಹಾಗಿಲ್ಲ ಎಂದೆ.

“ನನ್ನ ತಮ್ಮ ಇವತ್ತಿಗೂ ಬಂದೂಕು ಹಿಡಿದು ಒಂದು ಗುಡ್ಡದ ಮೇಲೆ ಕೂತಿದ್ದಾನೆ. ಎದುರು ಗುಡ್ಡದ ಮೇಲೆ ಕೂತವನೂ ಯಾರದೋ ತಮ್ಮನೇ. ಕಾಗದದ ಮೇಲಿನ ಒಂದು ಸಾಲಿಗೋಸ್ಕರ ಅವರು ಸಾಯಬೇಕೇ? ನಿಮ್ಮ ತಂದೆಯನ್ನು ಕೇಳಿ. ನಾನು ಜಗಳಕ್ಕೆ ಬಂದಿಲ್ಲ. ಕೇಳಿ, ಅಷ್ಟೆ.”

ಹಿಂದೆ ಸಾಲಿನಲ್ಲಿ ಜನ ಕಾಯುತ್ತಿದ್ದರು. ಅವರು ತಲೆಬಾಗಿಸಿ ಹೊರಟುಹೋದರು. ಅವತ್ತಿಡೀ ನಾನು ಎಣಿಸಿದ ಮಾತ್ರೆಗಳನ್ನೇ ಮತ್ತೆ ಮತ್ತೆ ಎಣಿಸಿದೆ.

ಸಂಜೆ ಅಪ್ಪನಿಗೆ ಇದನ್ನು ಹೇಳಿದೆ.

“ಅವ ಕೇಳಿದ್ದು ಖರೇನ ಅದ,” ಎಂದರು.

“ಹಾಗಿದ್ರೆ ಸೈನ್ ಮಾಡಿ.”

“ಮಾಡಿದ್ರ ಒಬ್ಬಾವ ಗುಡ್ಡ ಇಳೀತಾನ. ನಾಳೆ ಅವನ್ನ ಮನಿಯಿಂದ ಎಳಕೊಂಡು ಹೋದ್ರ ಕೇಳಾವ್ರು ಯಾರೂ ಇರೂದಿಲ್ಲ. ಮಾಡದಿದ್ರ ಗುಡ್ಡದ ಮ್ಯಾಲೇ ಸಾಯ್ತಾನ. ನನಗ ಹೆದರಿಕಿ ಆಗ್ಯದ ಅವ್ವಾ. ಹೆದರಿಕಿ ಇಲ್ಲ ಅಂತ ತಿಳೀಬ್ಯಾಡ.”

ಅಪ್ಪ ಹೆದರಿದ್ದೇನೆ ಎಂದದ್ದನ್ನು ನಾನು ಜನ್ಮದಲ್ಲಿ ಕೇಳಿದ್ದು ಅದೇ ಮೊದಲು. ನನ್ನ ಗಂಡ ಮಂಗಳೂರಿನವರು, ಯಾವುದಕ್ಕೂ ಸುಲಭಕ್ಕೆ ಕಂಗೆಡುವವರಲ್ಲ. ಅವರೂ ಅಡುಗೆಮನೆಗೆ ಬಂದು ದನಿ ತಗ್ಗಿಸಿ, “ಮಾವ ಮುಂಚೆ ಉಳಿಯಬೇಕು ಮಾರಾಯ್ತಿ, ಸಂವಿಧಾನ ಆಮೇಲೆ ನೋಡುವ,” ಎಂದರು.

ಮಾರನೆಯ ದಿನ ಫೋನು ಬಂತು. ಎರಡೂ ಕಡೆಯ ಮುಖ್ಯ ವಕೀಲರು ಸ್ಯಾನ್ ಹೋಸೆಯಲ್ಲಿರುವ ತಮ್ಮವರನ್ನು ಒಪ್ಪಂದಕ್ಕೆ ಒಪ್ಪಿಸಲು ಬಂದಿದ್ದರು. ಶನಿವಾರ ನಮ್ಮ ಮನೆಗೆ ಬರುತ್ತಾರಂತೆ. ಅಪ್ಪ ನನ್ನನ್ನು ಕೇಳದೆಯೇ ಆಗಲಿ ಎಂದುಬಿಟ್ಟರು.

ಅವರು ಬೇರೆ ಬೇರೆ ಕಾರಿನಲ್ಲಿ ಬಂದರು. ಮೊದಲು ಬಂದವರ ಕಾರು ನಮ್ಮ ಬೀದಿಯ ತುದಿಯಲ್ಲಿ ನಿಂತೇ ಇತ್ತು. ಇನ್ನೊಂದು ಬಂದ ಮೇಲೆ ಇಬ್ಬರೂ ಒಟ್ಟಿಗೇ ಇಳಿದರು. ಮುಂಚೆ ಬಂದು ಬಾಗಿಲು ತಟ್ಟಿದವರು ಸಣ್ಣವರಾಗುತ್ತಾರೆ ಎಂಬ ಲೆಕ್ಕವಿರಬೇಕು. ಸರ್ಕಾರದ ಕಡೆಯವರು ಕಾನೂನು ಮಂತ್ರಿ. ಎತ್ತರದ ಆಳು, ನಯವಾದ ಮಾತು, ಬಿಸಿಲಿನಲ್ಲೂ ಟೈ. ಬಂಡಾಯದ ಕಡೆಯವರು ನಲವತ್ತರ ಆಸುಪಾಸಿನ ವಕೀಲೆ. ಸೋಫಾ ತೋರಿಸಿದರೂ ಅಲ್ಲಿ ಕೂರಲಿಲ್ಲ. ಊಟದ ಮೇಜಿನ ಕುರ್ಚಿ ಎಳೆದು, ಬಾಗಿಲು ಕಾಣುವ ಹಾಗೆ ತಿರುಗಿಸಿಕೊಂಡು ಕೂತರು. ಯುದ್ಧದ ಕಾಲದಲ್ಲಿ ಸೈನ್ಯ ಅವರನ್ನು ವಿಚಾರಣೆಯಿಲ್ಲದೆ ಎರಡು ವರ್ಷ ಇಟ್ಟಿತ್ತೆಂದು ಅಪ್ಪ ಹೇಳಿದ್ದರು.

ನಾನು ಚಹಾ, ಒಗ್ಗರಣೆ ಅವಲಕ್ಕಿ ಇಟ್ಟೆ. ಇಬ್ಬರೂ ಮುಟ್ಟಲಿಲ್ಲ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು.

“ನ್ಯಾಯಮೂರ್ತಿಗಳೇ,” ಎಂದು ಮಂತ್ರಿ ಆರಂಭಿಸಿದರು, “ನಿಮ್ಮ ದೇಶದ ಸಂವಿಧಾನವೂ ವಿಚಾರಣೆಯಿಲ್ಲದ ಮುಂಜಾಗ್ರತಾ ಬಂಧನಕ್ಕೆ ಅವಕಾಶ ಕೊಟ್ಟಿದೆ. ಅಲ್ಲವೇ?”

“ಕೊಟ್ಟಿದೆ,” ಎಂದರು ಅಪ್ಪ. “ಅದರಿಂದ ಏನಾಯಿತೆಂದು ನಾನು ನೋಡಿದ್ದೇನೆ.”

“ನಮ್ಮ ಕಷ್ಟ ಹೇಳುತ್ತೇನೆ, ಕೇಳಿ. ಈಗಿರುವ ನ್ಯಾಯಾಧೀಶರೆಲ್ಲ ನಮ್ಮ ಕಾಲದಲ್ಲಿ ನೇಮಕವಾದವರು. ಅವರನ್ನು ಇವರ ಕಡೆಯವರು ನಂಬುವುದಿಲ್ಲ. ಇವರು ಹೊಸಬರನ್ನು ತಂದರೆ ನಮ್ಮ ಸೈನ್ಯ ನಂಬುವುದಿಲ್ಲ. ಅದಕ್ಕೇ ಕೋರ್ಟನ್ನು ಹೊರಗಿಟ್ಟೆವು. ಇದು ಅಪನಂಬಿಕೆಯ ಮೇಲೆ ಕಟ್ಟಿದ ಒಪ್ಪಂದ, ನಿಜ. ಆದರೆ ನಿಂತಿದೆ. ನೀವು ಒಂದು ಕಲ್ಲು ಕಿತ್ತರೆ ಪೂರ್ತಿ ಬೀಳುತ್ತದೆ.”

ಅದು ಸುಳ್ಳಲ್ಲವೆಂದು ನನಗೂ ತಿಳಿಯಿತು. ಅಪ್ಪ ವಕೀಲೆಯ ಕಡೆ ತಿರುಗಿದರು.

“ನೀವೂ ಇದನ್ನು ಒಪ್ಪುತ್ತೀರಾ?”

“ನನ್ನ ಪಕ್ಷ ಒಪ್ಪಿದೆ.”

“ನಾನು ನಿಮ್ಮನ್ನು ಕೇಳಿದೆ.”

ಆಕೆ ಬಾಗಿಲನ್ನೇ ನೋಡುತ್ತಿದ್ದರು. “ನಾನು ನನ್ನ ಪಕ್ಷದ ಪರವಾಗಿ ಬಂದಿದ್ದೇನೆ,” ಎಂದರು.

ಅಪ್ಪ, “ನಿಮ್ಮನ್ನು ಹಿಡಿದಿಟ್ಟಿದ್ದಾಗ ನೀವು ಬದುಕಿದ್ದೀರೆಂದು ನಿಮ್ಮ ಮನೆಯವರಿಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದರು.

“ಈ ಪ್ರಶ್ನೆ ಸರಿಯಲ್ಲ,” ಎಂದು ಮಂತ್ರಿ ಅಡ್ಡಬಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಮುಜುಗರವೇ ಹೆಚ್ಚಾಗಿತ್ತು. ಹಿಡಿದಿಟ್ಟದ್ದು ಅವರದೇ ಸರ್ಕಾರ.

“ಇರಲಿ,” ಎಂದರು ಆಕೆ. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದರು. “ಅಮ್ಮ ಊಟ ಕಟ್ಟಿಕೊಂಡು ಒಂದೊಂದೇ ಸೈನಿಕ ಶಿಬಿರಕ್ಕೆ ಹೋಗಿ ಕೇಳುತ್ತಿದ್ದಳು. ಎಲ್ಲ ಕಡೆಯೂ ಇಲ್ಲ ಎನ್ನುತ್ತಿದ್ದರು. ಒಂದು ಶಿಬಿರದಲ್ಲಿ ಮಾತ್ರ ಕಾವಲಿನವನು, ಇಲ್ಲ ಎಂದು ಹೇಳಿದರೂ ಊಟದ ಡಬ್ಬಿ ತೆಗೆದುಕೊಂಡ. ಅಮ್ಮನಿಗೆ ನಾನು ಅಲ್ಲಿದ್ದೇನೆ ಎಂದು ಖಾತ್ರಿಯಾಯಿತು. ದಿನವೂ ಹೋಗಿ ಕೊಟ್ಟಳು. ದಿನವೂ ಅವನು ತೆಗೆದುಕೊಂಡ.”

“ನೀವು ಅಲ್ಲಿದ್ದಿರಾ?” ಎಂದು ಅಪ್ಪ ಕೇಳಿದರು.

“ಇಲ್ಲ. ನಾನು ದೇಶದ ಇನ್ನೊಂದು ತುದಿಯಲ್ಲಿದ್ದೆ. ಅವನಿಗೆ ಹಸಿವಾಗುತ್ತಿತ್ತು, ಅಷ್ಟೆ. ನಾನು ಬಿಡುಗಡೆಯಾಗಿ ಮನೆಗೆ ಬಂದಾಗ ಅಮ್ಮ ಅದೇ ಗೇಟಿಗೆ ಊಟ ಕೊಡಲು ಹೋಗಿದ್ದಳು.”

ಅಷ್ಟು ಹೇಳಿ ಎದ್ದು, ಹಿಂದಿನ ಬಾಗಿಲು ತೆರೆದುಕೊಂಡು ಅಂಗಳಕ್ಕೆ ಹೋದರು.

ನಾನು ಅವರ ಹಿಂದೆ ಹೋಗಬೇಕೆಂದಿದ್ದೆ. ಆದರೆ ಅಪ್ಪನ ಮುಖ ನೋಡಿದೆ. ಬಣ್ಣ ಹೋಗಿ ಬೂದಿಯಂತಾಗಿತ್ತು. ಹಣೆಯಲ್ಲಿ ಬೆವರು. ಎಡಗೈ ಮೇಜನ್ನು ಗಟ್ಟಿಯಾಗಿ ಹಿಡಿದಿತ್ತು. ಓಡಿಹೋಗಿ ನಾಲಿಗೆಯ ಕೆಳಗಿಡುವ ಮಾತ್ರೆ ಇಟ್ಟೆ. ನಾಡಿ ಹಿಡಿದು ಕೂತೆ. ಮಂತ್ರಿ ಎದ್ದು ನಿಂತು, “ನಾವು ಹೋಗುತ್ತೇವೆ, ಆಂಬುಲೆನ್ಸ್ ಕರೆಯಲೇ?” ಎಂದರು.

“ಕೂತುಕೊಳ್ಳಿ,” ಎಂದರು ಅಪ್ಪ ಕಣ್ಣು ಮುಚ್ಚಿಕೊಂಡೇ.

ನನ್ನ ತಾಳ್ಮೆ ಮುಗಿದಿತ್ತು. ಪರರ ಮುಂದಿದ್ದೇನೆ ಎಂಬುದನ್ನೂ ನೋಡಲಿಲ್ಲ. “ಅಪ್ಪಾ, ಸಾಕು. ನಿಮಗೇನಾದ್ರೂ ಆದ್ರೆ ಇವರು ಪ್ಲೇನ್ ಹತ್ತಿ ಹೋಗ್ತಾರೆ. ಅವರಿಗೆ ಇನ್ನೊಬ್ಬರು ಜಡ್ಜ್ ಸಿಗ್ತಾರೆ. ನನಗೆ ಇನ್ನೊಬ್ಬರು ಅಪ್ಪ ಸಿಗಲ್ಲ.”

“ಗೊತ್ತದ ಅವ್ವಾ.” ಕಣ್ಣು ತೆರೆದರು. “ನೋವು ಇಳದದ. ಖರೇನ. ಅರ್ಧ ತಾಸು ಕೊಡು. ಮತ್ತ ನೋವು ಬಂದ್ರ ನೀ ಹೇಳಿದಂಗ ಕೇಳ್ತೀನಿ.”

ನಾಡಿ ನಿಧಾನವಾಗಿ ಸರಿಹೋಗುತ್ತಿತ್ತು. ಆಸ್ಪತ್ರೆಗೆ ಎಳೆದುಕೊಂಡು ಹೋಗಬೇಕಿತ್ತೋ ಏನೋ, ಇವತ್ತಿಗೂ ನನಗೆ ಖಚಿತವಿಲ್ಲ. ಅವರ ಪಕ್ಕದ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಕೈಯಿಂದ ಅವರ ಮಣಿಕಟ್ಟು ಹಿಡಿದೇ ಕೂತೆ.

ಆಕೆ ಒಳಗೆ ಬಂದರು. ಕಣ್ಣು ಒಣಗಿತ್ತು. ನೇರವಾಗಿ ಅಪ್ಪನನ್ನು ನೋಡಿ, “ನಿಮಗೆ ಕಡಿಮೆಯೆಂದರೆ ಏನು ಬೇಕು?” ಎಂದು ಕೇಳಿದರು.

ಅಪ್ಪ ಹೇಳುತ್ತ ಹೋದರು, ನಾನು ಮಣಿಕಟ್ಟು ಬಿಟ್ಟು ಟೈಪು ಮಾಡಿದೆ. ಯಾವುದೇ ತುರ್ತುಪರಿಸ್ಥಿತಿಯಲ್ಲಿ, ಯಾರನ್ನೇ ಬಂಧಿಸಿದರೂ, ಆ ವ್ಯಕ್ತಿ ಎಲ್ಲಿದ್ದಾನೆ ಎಂದು ಮನೆಯವರು ಕೋರ್ಟಿನ ಮೂಲಕ ಕೇಳಬಹುದು. ಸರ್ಕಾರ ಉತ್ತರ ಕೊಡತಕ್ಕದ್ದು. ನ್ಯಾಯಾಧೀಶರೊಬ್ಬರು ಹೋಗಿ ಆ ವ್ಯಕ್ತಿಯನ್ನು ಕಣ್ಣಾರೆ ನೋಡತಕ್ಕದ್ದು.

“ಬಿಡುಗಡೆ ಮಾಡಿ ಎಂದು ಕೋರ್ಟು ಹೇಳುವಂತಿದೆಯೇ?” ಎಂದರು ಮಂತ್ರಿ.

“ಇಲ್ಲ. ಆ ಮಾತು ಬಿಟ್ಟಿದ್ದೇನೆ.”

ನಾನು ತಲೆಯೆತ್ತಿ ನೋಡಿದೆ. ಎರಡು ವರ್ಷ ಅವರು ಬಡಿದಾಡಿದ್ದೇ ಆ ಮಾತಿಗೆ. ಅವರು ನನ್ನ ಕಡೆ ನೋಡಲಿಲ್ಲ.

ಮಂತ್ರಿ ಸುಲಭಕ್ಕೆ ಬಗ್ಗಲಿಲ್ಲ. ಕೂಡಲೇ ಉತ್ತರ ಕೊಡಬೇಕು ಎಂದು ಅಪ್ಪ ಅಂದರೆ, ಯುದ್ಧಭೂಮಿಯಲ್ಲಿ ಕೂಡಲೇ ಎಂಬುದಿಲ್ಲ ಎಂದರು. ಒಂದು ವಾರ ಕೊಡಿ ಎಂದರು. ಎಳೆದಾಡಿ ಮೂರು ದಿನಕ್ಕೆ ಬಂದು ನಿಂತಿತು. ಬಂಧಿಸಿಟ್ಟ ಜಾಗ ಎಲ್ಲರಿಗೂ ತಿಳಿದರೆ ದಾಳಿಯಾಗುತ್ತದೆ, ನ್ಯಾಯಾಧೀಶರಿಗೂ ಮನೆಯ ಒಬ್ಬರಿಗೂ ಮಾತ್ರ ತಿಳಿಸಬೇಕು ಎಂದರು. ಅಪ್ಪ ಒಪ್ಪಿದರು. ನೋಡಲು ಹೋಗುವ ನ್ಯಾಯಾಧೀಶರ ಬದಲು ಸೈನ್ಯದ ವೈದ್ಯರು ಹೋಗಲಿ ಎಂದರು. ಅದಕ್ಕೆ ಅಪ್ಪ ಒಪ್ಪಲಿಲ್ಲ. ಅಪ್ಪನಿಗಿಂತ ಮುಂಚೆ ಆಕೆಯೇ, “ಅದು ಆಗುವುದಿಲ್ಲ,” ಎಂದರು.

ಇನ್ನು ಅವರವರ ಮುಖಂಡರನ್ನು ಕೇಳಬೇಕು. ಮಂತ್ರಿ ಮುಂದಿನ ಗ್ಯಾರೇಜಿನ ಹತ್ತಿರ ಹೋಗಿ ಫೋನು ಹಚ್ಚಿದರು. ಆಕೆ ಹಿತ್ತಲಿನ ನಿಂಬೆಗಿಡದ ಕೆಳಗೆ. ನಾನು ಅಡುಗೆಮನೆಯಲ್ಲಿ ನಿಂತರೆ ಎರಡೂ ಕಿಟಕಿ ಕಾಣುತ್ತಿತ್ತು. ಆಕೆ ಕಡಿಮೆ ಮಾತಾಡಿ ಬಹಳ ಕೇಳುತ್ತಿದ್ದರು. ಮಂತ್ರಿಯ ಫೋನಿನಲ್ಲಿ ಯಾರೋ ಕೂಗಾಡುತ್ತಿದ್ದದ್ದು ಗಾಜು ದಾಟಿ ನನಗೇ ಕೇಳಿಸುತ್ತಿತ್ತು. ಅವರು ಫೋನನ್ನು ಕಿವಿಯಿಂದ ದೂರ ಹಿಡಿದು, ಮತ್ತೆ ಹತ್ತಿರ ತಂದು, ಟೈ ಸಡಿಲ ಮಾಡಿಕೊಂಡು, ಅದೇ ನಯವಾದ ದನಿಯಲ್ಲಿ ಮತ್ತೆ ಮತ್ತೆ ಏನನ್ನೋ ಹೇಳುತ್ತಿದ್ದರು. ಎದುರು ಮನೆಯವರು ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ನೋಡಿದರು.

ಆಕೆ ಮೊದಲು ಬಂದರು. “ನಮ್ಮವರು ಒಪ್ಪಿದ್ದಾರೆ. ನಮ್ಮ ಹುಡುಗರಲ್ಲಿ ಇನ್ನೂ ಎಷ್ಟೋ ಜನ ಎಲ್ಲಿದ್ದಾರೆಂದು ಗೊತ್ತಿಲ್ಲ ಎಂದೆ. ಅದಕ್ಕೆ ಯಾರೂ ಎದುರು ಮಾತಾಡಲಿಲ್ಲ.”

ಮಂತ್ರಿ ಬರಲು ಬಹಳ ಹೊತ್ತಾಯಿತು. ಬಂದವರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, “ಆಗಲಿ,” ಎಂದರು. ಕೂತು, ತಣ್ಣಗಾಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. “ಇದು ನನ್ನ ಕೊನೆಯ ಕೆಲಸವಾಗಬಹುದು,” ಎಂದರು. ತಮಾಷೆಗೆ ಹೇಳಿದರೋ ಏನೋ, ಯಾರೂ ನಗಲಿಲ್ಲ.

ಅಪ್ಪ ಸಹಿ ಹಾಕಿದರು. ವಕೀಲರಿಬ್ಬರೂ ಹೋದ ಮೇಲೆ, ಸೋಮವಾರದ ವ್ಯಾಯಾಮಕ್ಕೆ ಕಾಯದೆ ಅದೇ ಸಂಜೆ ಆಸ್ಪತ್ರೆಗೆ ಕರೆದೊಯ್ದೆ. ಹೃದಯಕ್ಕೆ ಹೊಸ ತೊಂದರೆ ಇಲ್ಲ ಎಂದರು. ಹಿಂತಿರುಗುವಾಗ ಕಾರಿನಲ್ಲಿ ಅಪ್ಪ, “ಅರ್ಧಾ ಬಿಟ್ಟುಕೊಟ್ಟೆ. ಬರೇ ಕೇಳೂ ಹಕ್ಕು ಉಳೀತು. ಇದನ್ನ ಕಾಯಿದೆ ಅಂತಾರೇನು?” ಎಂದರು. ಅವರು ಜೀವಂತ ಇದ್ದಾರಲ್ಲ ಎಂಬುದರ ಆಚೆಗೆ ಆ ಸಂಜೆ ನನಗೆ ಬೇರೇನೂ ಬೇಕಿರಲಿಲ್ಲ.

ಉಳಿದಿಬ್ಬರು ನ್ಯಾಯಶಾಸ್ತ್ರಜ್ಞರೂ ತಿದ್ದಿದ ಕರಡಿಗೆ ಮತ್ತೆ ಸಹಿ ಹಾಕಿ, ಮಧ್ಯಂತರ ಸಂವಿಧಾನ ಜಾರಿಗೆ ಬಂತು. ಎರಡೂ ಕಡೆಯವರು ಒಂದೇ ಸರ್ಕಾರದಲ್ಲಿ ಕೂತರು. ಫಾರ್ಮಸಿಗೆ ಬರುತ್ತಿದ್ದವರು, ಗುಡ್ಡದ ಮೇಲಿದ್ದ ತಮ್ಮ ಇಳಿದು ಮನೆ ಸೇರಿದನೆಂದು ಹೇಳಿ ಹೋದರು. ಆ ವಕೀಲೆ ಗೃಹ ಇಲಾಖೆಯ ಸಹಾಯಕ ಮಂತ್ರಿಯಾದರು. ಚುನಾವಣೆಯೂ ಒಂದು ಮಟ್ಟಿಗೆ ಚೆನ್ನಾಗಿಯೇ ನಡೆಯಿತು. ಅಪ್ಪ ಆರೋಗ್ಯವಾಗಿ ಓಡಾಡತೊಡಗಿದರು. ಊರಿಗೆ ಹೋಗುತ್ತೇನೆಂದು ದಿನವೂ ಹೇಳಿ, ದಿನವೂ ಇಲ್ಲಿಯೇ ಉಳಿದರು.

ಮುಂದಿನ ವರ್ಷ ಆ ಸರ್ಕಾರ ಒಡೆಯಿತು. ಚುನಾವಣೆಯಲ್ಲಿ ಗೆದ್ದಿದ್ದ ಬಂಡಾಯದ ಪಕ್ಷಕ್ಕೂ ಹಳೆಯ ಸೈನ್ಯಾಧಿಕಾರಿಗಳಿಗೂ ಮುರಿದುಬಿದ್ದು, ರಾಜಧಾನಿಯಲ್ಲಿ ಗುಂಡು ಹಾರಿ, ತುರ್ತುಪರಿಸ್ಥಿತಿ ಘೋಷಣೆಯಾಯಿತು. ಅಪ್ಪ ಟಿವಿ ಸುದ್ದಿಯ ಮುಂದಿನಿಂದ ಏಳುತ್ತಿರಲಿಲ್ಲ.

ಆ ವಾರ ನಾನು ಕ್ಯುಪರ್ಟಿನೋದ ಗ್ರೋಸರಿ ಅಂಗಡಿಯಿಂದ ಸಾಮಾನು ತಂದು ಕಾರಿಗೆ ತುಂಬುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೆಂಗಸಿನ ದನಿ. ಮಾತಿಗಿಂತ ಉಸಿರೇ ಹೆಚ್ಚು ಕೇಳಿಸುತ್ತಿತ್ತು. ಕಾನೂನು ಮಂತ್ರಿಯಾಗಿದ್ದವರ ಹೆಂಡತಿ.

“ಅವರನ್ನು ಮನೆಯಿಂದ ಕರೆದೊಯ್ದಿದ್ದಾರೆ,” ಎಂದರು. “ಕೇಳಿದರೆ ನಮಗೆ ಗೊತ್ತಿಲ್ಲ ಎನ್ನುತ್ತಾರೆ. ಏನಾದರೂ ಆದರೆ ಈ ನಂಬರಿಗೆ ಮಾಡು ಎಂದು ಅವರು ಹೇಳಿದ್ದರು.”

ಮೊಸರು, ಕೊತ್ತಂಬರಿ ಎಲ್ಲ ಬಿಸಿಲಲ್ಲೇ ಇದ್ದವು. ಹೇಗೆ ಗಾಡಿ ಓಡಿಸಿಕೊಂಡು ಮನೆಗೆ ಬಂದೆನೋ ನೆನಪಿಲ್ಲ. ಅಪ್ಪ ನನ್ನ ಫೋನಿನಿಂದ ಆ ನಂಬರಿಗೆ ಮಾಡಿ ಆಕೆಗೆ ಎಲ್ಲವನ್ನೂ ಒಂದೊಂದಾಗಿ ಹೇಳಿದರು. ಯಾವ ವಿಧಿ, ಯಾವ ಕೋರ್ಟು, ಅರ್ಜಿಯಲ್ಲಿ ಏನು ಬರೆಯಬೇಕು. “ಒಬ್ಬರೇ ಹೋಗಬೇಡಿ. ನೆರೆಹೊರೆಯ ಹೆಂಗಸರನ್ನು ಕರೆದುಕೊಂಡು ಹೋಗಿ,” ಎಂದರು. ಫೋನು ಇಟ್ಟ ಮೇಲೆ ಆ ವಕೀಲೆಗೆ ಫೋನು ಮಾಡಿದರು. ಈಗ ಹಿಡಿದಿದ್ದು ಅವರ ಸರ್ಕಾರ, ಹಿಡಿದ ಇಲಾಖೆ ಅವರದು.

ಫೋನು ಸ್ಪೀಕರಿನಲ್ಲಿತ್ತು. ವಿಷಯ ಕೇಳಿ ಆಕೆ, “ಬಿಡಿಸುವುದು ನನ್ನ ಕೈಯಲ್ಲಿಲ್ಲ ಸರ್. ಅದನ್ನು ನನ್ನಿಂದ ಕೇಳಬೇಡಿ,” ಎಂದರು.

“ಕೇಳುತ್ತಿಲ್ಲ,” ಎಂದರು ಅಪ್ಪ.

“ಕೋರ್ಟು ಕೇಳಲಿ.”

ಅಷ್ಟೇ ಹೇಳಿ ಆಕೆ ಫೋನು ಇಟ್ಟುಬಿಟ್ಟರು. ಅದು ಮಾತು ಕೊಟ್ಟದ್ದೋ, ನಮ್ಮನ್ನು ಸಾಗಹಾಕಿದ್ದೋ ತಿಳಿಯಲಿಲ್ಲ.

ಮೊದಲ ದಿನ ಅರ್ಜಿ ಹೋಯಿತು. ಕೋರ್ಟು ಸರ್ಕಾರವನ್ನು ಕೇಳಿತು. ಎರಡನೆಯ ದಿನ ಏನೂ ಇಲ್ಲ. ಮೂರನೆಯ ದಿನ ಅಪ್ಪ ಸ್ನಾನ ಮಾಡಲಿಲ್ಲ, ತಟ್ಟೆಯ ಮುಂದೆ ಕೂರಲಿಲ್ಲ. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಅವರು ಗೋಡೆ ಹಿಡಿದು ಅಲ್ಲಿಂದಿಲ್ಲಿಗೆ ನಡೆಯುತ್ತಿದ್ದರೆ ನನಗೆ ಅವರ ಹೆಜ್ಜೆಯ ಸದ್ದೇ ತಡೆಯಲಾಗುತ್ತಿರಲಿಲ್ಲ. “ಉತ್ತರ ಕೊಡದಿದ್ರೆ ಏನಾಗತ್ತೆ?” ಎಂದು ಕೇಳಿದೆ. “ಏನೂ ಆಗೂದಿಲ್ಲ. ಕಾಗದ ಕಾಗದನ ಉಳೀತದ,” ಎಂದರು.

ಉತ್ತರ ಬಂದದ್ದು ಆ ದೇಶದಲ್ಲಿ ಮೂರನೆಯ ದಿನ ಕತ್ತಲಾಗುತ್ತಿದ್ದಾಗ. ಉತ್ತರದ ಗಡಿಯ ಒಂದು ಶಿಬಿರ. ಮರುದಿನ ನ್ಯಾಯಾಧೀಶರೊಬ್ಬರು ಅಲ್ಲಿಗೆ ಹೋದರು. ಗೇಟಿನಲ್ಲಿ ತಡೆದರಂತೆ. ಅವರು ಕಾರಿನಿಂದ ಇಳಿದು, ಸಂವಿಧಾನದ ಪ್ರತಿ ಕೈಯಲ್ಲಿ ಹಿಡಿದು, ಒಳಗೆ ಬಿಡುವವರೆಗೆ ಬಿಸಿಲಲ್ಲೇ ನಿಂತರಂತೆ. ಒಳಗೆ ಮಾಜಿ ಮಂತ್ರಿಯನ್ನು ಕಣ್ಣಾರೆ ನೋಡಿದರು. ಅವರಿಗೆ ಹೊಡೆದಿದ್ದರು, ಆದರೆ ಜೀವವಿತ್ತು.

ಅವರ ಹೆಂಡತಿ ಫೋನು ಮಾಡಿ ಇದನ್ನು ಹೇಳುವಾಗ ಅಳಲಿಲ್ಲ. “ಎಲ್ಲಿದ್ದಾರೆಂದು ಗೊತ್ತಾಯಿತು. ಇನ್ನು ಮಕ್ಕಳಿಗೆ ಏನಾದರೂ ಹೇಳಬಹುದು,” ಎಂದರು. “ಬಿಡುತ್ತಾರಾ?” ಎಂದೂ ಕೇಳಿದರು.

“ನನಗೆ ಗೊತ್ತಿಲ್ಲಮ್ಮಾ,” ಎಂದರು ಅಪ್ಪ. ಸುಳ್ಳು ಭರವಸೆ ಕೊಡುವುದು ಅವರಿಗೆ ಬರುವುದಿಲ್ಲ.

ಕೆಲವು ತಿಂಗಳ ನಂತರ ಅವರನ್ನು ಬಿಟ್ಟರು. ವಕೀಲೆ ಅಷ್ಟರಲ್ಲಿ ಮಂತ್ರಿಯಾಗಿ ಉಳಿದಿರಲಿಲ್ಲ. ತೆಗೆದರೋ ತಾವೇ ಬಿಟ್ಟರೋ ನಮಗೆ ಯಾರೂ ಹೇಳಲಿಲ್ಲ. ಅವರ ಫೋನು ಈಗ ಎತ್ತುವವರಿಲ್ಲ. ಅವರು ಏನಾದರೋ ಎಂಬುದು ಇನ್ನೂ ನನ್ನ ಮನಸ್ಸನ್ನು ಚುಚ್ಚುತ್ತದೆ.

ಈ ಬೇಸಿಗೆಯಲ್ಲಿ ಮಾಜಿ ಮಂತ್ರಿ ಮಾರ್ಗನ್ ಹಿಲ್‌ನಲ್ಲಿರುವ ತಂಗಿಯ ಮನೆಗೆ ಬಂದವರು ನಮ್ಮಲ್ಲಿಗೂ ಊಟಕ್ಕೆ ಬಂದರು. ಬಹಳ ಇಳಿದಿದ್ದರು. ಒಂದು ಕಿವಿ ಕೇಳಿಸುವುದಿಲ್ಲ. ಅಪ್ಪನಿಗೂ ಈಗ ಕಿವಿ ಮಂದ. ಹಾಗಾಗಿ ಇಬ್ಬರೂ ಮೇಜಿನ ಆಚೀಚೆ ಕೂತು ಜೋರಾಗಿ ಮಾತಾಡಿದರು.

“ಬಂಧನದ ಅಧಿಕಾರವನ್ನು ನೀವು ಪೂರ್ತಿ ತೆಗೆಸಿದ್ದರೆ ಅವತ್ತು ಶಾಂತಿಯೇ ಬರುತ್ತಿರಲಿಲ್ಲ. ಇವತ್ತಿಗೂ ನಾನು ಅದನ್ನೇ ಹೇಳುತ್ತೇನೆ,” ಎಂದರು ಮಾಜಿ ಮಂತ್ರಿ.

“ಇರಬಹುದು,” ಎಂದರು ಅಪ್ಪ. “ಆದರೆ ಬಿಡುಗಡೆಯ ಮಾತನ್ನು ನಾನು ಬಿಡಬಾರದಿತ್ತು.”

“ಬಿಡದಿದ್ದರೆ ನಮ್ಮ ಜನರಲ್ ಆವತ್ತೇ ಫೋನು ಇಡುತ್ತಿದ್ದರು.”

“ಅದೂ ಇರಬಹುದು.”

ಇಬ್ಬರೂ ಸೋಲಲಿಲ್ಲ. ನಾನು ಅನ್ನ ಬಡಿಸಿದೆ. ಅವರು ಸಾರು ಇನ್ನೊಮ್ಮೆ ಹಾಕಿಸಿಕೊಂಡು, ಕೇಳುವ ಕಿವಿಯನ್ನು ಅಪ್ಪನ ಕಡೆ ತಿರುಗಿಸಿಕೊಂಡು, ಶಾಶ್ವತ ಸಂವಿಧಾನದ ಕರಡಿನಲ್ಲಿ ಏನೇನಿರಬೇಕೆಂದು ಮತ್ತೆ ಶುರು ಮಾಡಿದರು.